ಸೋಮವಾರ ಗಂಡಸರು, ಮಂಗಳವಾರ ಹೆಂಗಸರು

ಮೈಸೂರಿನ ಫಿಸಿಯೋಥೆರಪಿಸ್ಟ್ ಸ್ಪಂದನಾಳಿಗೆ ತಾನು ಕೆಲಸಕ್ಕಿದ್ದ ಆ ಕಟ್ಟಡ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಐರಿಷ್ ನಗರ ಕಾರ್ಕ್‌ನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರವಿದ್ದ ಆ ವೃದ್ಧರ ಆಸ್ಪತ್ರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ವರ್ಕ್‌ಹೌಸ್ ಆಗಿತ್ತು. ಕ್ಷಾಮದಲ್ಲಿ ಹಸಿದು ಬಂದವರಿಗೆ ಅಲ್ಲಿ ದುಡಿಮೆಯೂ ಗಂಜಿಯೂ ಸಿಗುತ್ತಿತ್ತು. ಆದರೆ ಹೆಬ್ಬಾಗಿಲಲ್ಲೇ ಗಂಡನನ್ನು ಎಡಕ್ಕೆ, ಹೆಂಡತಿಯನ್ನು ಬಲಕ್ಕೆ ಕಳಿಸಿಬಿಡುತ್ತಿದ್ದರು. ಒಳಗಿನ ಬದುಕು ಯಾರಿಗೂ ಹಿತವಾಗಬಾರದೆಂದೇ ಹಾಗೆ ಕಟ್ಟಿದ್ದರು. ಈಗ ಲಿಫ್ಟ್ ಬಂದಿತ್ತು, ಹೀಟರ್ ಬಂದಿತ್ತು. ಗಂಡಸರು ಮಾತ್ರ ಇನ್ನೂ ಎಡಕ್ಕೇ, ಹೆಂಗಸರು ಬಲಕ್ಕೇ.

ಎಡಗಡೆ ವಾರ್ಡಿನಲ್ಲಿ ಸೊಂಟ ಮುರಿದುಕೊಂಡ ಮುದುಕ ಕಾನ್ ಇದ್ದರು. ಬಲಗಡೆ ವಾರ್ಡಿನಲ್ಲಿ ಅವರ ಹೆಂಡತಿ ಪೆಗ್; ಪಾರ್ಶ್ವವಾಯು ಹೊಡೆದು ಆಕೆಯ ಬಲಗೈ ಬಿದ್ದುಹೋಗಿತ್ತು. ಭೇಟಿ ಮಾಡಿಸಬೇಕೆಂದರೆ ಗಾಲಿಕುರ್ಚಿಯನ್ನು ಮಳೆಯಲ್ಲಿ ಅಂಗಳ ಸುತ್ತಿಸಿ ತಳ್ಳಬೇಕು. ತಳ್ಳಲು ಯಾರಿಗೂ ಪುರುಸೊತ್ತಿಲ್ಲ.

"ಸ್ವಲ್ಪ ನಡೀತೀರಾ?" ಎಂದು ಸ್ಪಂದನಾ ಕೇಳಿದರೆ ಕಾನ್, "ಪೆಗ್ ಹತ್ರ ಆದ್ರೆ ನಡೀತೀನಿ" ಎಂದು ಗೋಡೆಯ ಕಡೆ ಹೊರಳಿಬಿಡುತ್ತಿದ್ದರು.

ಮಧ್ಯದ ಗೋಡೆಗೆ ಒಂದು ಬಾಗಿಲು ಇಡಿಸಿ ಎಂದು ಮ್ಯಾನೇಜರ್ ಬ್ರೀಡಾಳನ್ನು ಕೇಳಿದ್ದಾಯಿತು.

"ಪಾರಂಪರಿಕ ಕಟ್ಟಡ ಇದು, ಒಂದು ಕಲ್ಲೂ ಮುಟ್ಟೋ ಹಾಗಿಲ್ಲ. ಅವರಿಬ್ರೂ ಗ್ರ್ಯಾಂಡ್ ಆಗೇ, ಆರಾಮಾಗೇ ಇದಾರಲ್ಲ!"

"ಗ್ರ್ಯಾಂಡ್ ಅಂತೆ!" ಕ್ಯಾಂಟೀನಿನಲ್ಲಿ ಸ್ಪಂದನಾ ಹಾಸನದ ನರ್ಸ್ ತೇಜುವಿನ ಮುಂದೆ ಸಿಡಿದಳು. "ಆ ಮನುಷ್ಯ ಹಾಸಿಗೆ ಬಿಟ್ಟು ಏಳ್ತಿಲ್ಲ. ನಂಗೆ ತಲೆ ಕೆಟ್ಟುಹೋಗೈತೆ ಕಣೆ."

"ನಿನ್ನ ರೂಮಿಗೆ ಎರಡೂ ಕಡೆಯಿಂದ ಬಾಗಿಲು ಐತಲ್ಲ?" ಎಂದಳು ತೇಜು.

ಇತ್ತು. ಫಿಸಿಯೋ ಕೋಣೆ ಹಿಂದಿನ ಕಾಲದಲ್ಲಿ ಊಟದ ಹಜಾರವಾಗಿತ್ತು. ಎರಡು ಬದಿಗೂ ಸೇರಿದ್ದ ಜಾಗ ಅದೊಂದೇ. ಸೋಮವಾರ ಗಂಡಸರ ಸರದಿ, ಮಂಗಳವಾರ ಹೆಂಗಸರದು, ಒಬ್ಬರ ಸರದಿಯ ದಿನ ಇನ್ನೊಬ್ಬರ ಕಡೆಯ ಬಾಗಿಲಿಗೆ ಬೀಗ. ಯಾಕೆ ಹಾಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಸೋಮವಾರ ಸ್ಪಂದನಾ ಎರಡೂ ಬೀಗ ತೆಗೆದಳು. ತೇಜು ಪೆಗ್‌ರನ್ನು ಕರೆತಂದು ಕೂರಿಸಿದಳು. ಕಾನ್ ವಾಕರ್ ಹಿಡಿದು, ಉಸಿರು ಬಿಗಿಹಿಡಿದು, ಹಜಾರದ ಉದ್ದಕ್ಕೂ ನಡೆದು ಬಂದರು.

ಪೆಗ್ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಕೋಳಿಗಳನ್ನ ಯಾರು ನೋಡ್ಕೊತಿದಾರೆ?"

"ಮಾರಿಬಿಟ್ಟೆ."

"ಮಾರಿಬಿಟ್ಯಾ? ನನ್ನ ಒಂದು ಮಾತೂ ಕೇಳ್ದೆ?" ಎಡಗೈ ಆಡಿಸುತ್ತ ಅವರು ಶುರುಮಾಡಿದ ಬೈಗುಳ ಆಫೀಸಿನವರೆಗೂ ಕೇಳಿಸಿತು. ಬ್ರೀಡಾ ಓಡಿಬಂದಳು.

"ಏನಿದು? ಇವತ್ತು ಗಂಡಸರ ದಿನ! ಇವರನ್ನ ಸೇರಿಸೋಕೆ ನಿಂಗೆ ಯಾರು ಪರ್ಮಿಷನ್ ಕೊಟ್ರು?"

"ಬೇರೆ ಮಾಡೋಕೆ ಯಾರು ಕೊಟ್ಟಿದ್ರು? ಮೊದ್ಲು ಅದು ಹೇಳಿ."

ಬ್ರೀಡಾ ತೆರೆದಿದ್ದ ಎರಡೂ ಬಾಗಿಲುಗಳನ್ನು ಒಮ್ಮೆ ನೋಡಿದಳು. "ಗಲಾಟೆ ಕಮ್ಮಿ ಮಾಡಿ," ಎಂದು ಗೊಣಗಿ ಹೊರಟುಹೋದಳು.

ಆಮೇಲೆ ಆ ಬಾಗಿಲುಗಳಿಗೆ ಬೀಗ ಬೀಳಲಿಲ್ಲ. ಸ್ಪಂದನಾ ಕರೆಯುವ ಮೊದಲೇ ಕಾನ್ ವಾಕರ್ ಹಿಡಿದು ನಿಲ್ಲತೊಡಗಿದರು. ಕೋಳಿ ಜಗಳ ಮುಗಿದು ಟ್ರ್ಯಾಕ್ಟರ್ ಜಗಳ ಶುರುವಾಯಿತು. ವ್ಯಾಯಾಮ ಮಾಡಿಸಲು ಇಬ್ಬರ ಬಾಯಿ ಮುಚ್ಚಿಸುವುದರಲ್ಲೇ ಸ್ಪಂದನಾಳಿಗೆ ಸಾಕುಸಾಕಾಗುತ್ತಿತ್ತು.