ಬ್ಯಾರನ್ ಹಂಬರ್‌ನ ಕೊನೆಯ ಬಣ್ಣ

ಪೆಟ್ಟಿಗೆಯ ಮುಚ್ಚಳ ತೆಗೆದು ಗೋಡೆಗೆ ಒರಗಿಸಿ, ಅಂತ್ಯಕ್ರಿಯೆ ಅಂಗಡಿಯ ಸಗ್ಡನ್ “ಬೇಗ ಮುಗಿಸಿಬಿಡಮ್ಮ, ಇನ್ನೇನು ಗಾಡಿ ಹೊರಡೋ ಹೊತ್ತು” ಎಂದು ಹೊರಗೆ ಹೋದ. ಗ್ವೆಂಡಾ ಬಣ್ಣದ ಡಬ್ಬಿ ತೆರೆದಳು. ಹೆಣದ ಮುಂದೆ ನಿಂತ ಭಯಕ್ಕಿಂತ, ವೇದಿಕೆಯ ಆಟಕ್ಕೆ ಹೊತ್ತಾಯಿತು ಎಂಬ ಹಳೆಯ ಗಡಿಬಿಡಿಯೇ ಅವಳಿಗೆ ಹೆಚ್ಚಾಗಿತ್ತು.

ಮಲಗಿದ್ದವನು ಕ್ಲಿಫರ್ಡ್. ಹಲ್ ಎಂಬ ಬಂದರು ಊರಿನ ಹೆಸಲ್ ರಸ್ತೆಯಲ್ಲಿ, ಗಂಡಸರನ್ನು ಮೀನಿನ ಹಡಗಿಗೆ ಕಳಿಸಿ ದಾರಿ ಕಾಯುವ ಹೆಂಗಸರ ನಡುವೆ ಬೆಳೆದವನು. ವೇದಿಕೆಯ ಮೇಲೆ ಮಾತ್ರ ಅವನು ಬ್ಯಾರನ್ ಹಂಬರ್. ಪಂಕ್ ಸಂಗೀತದ ಹುಡುಗರ ಗಲಾಟೆ ತಣ್ಣಗಾಗುವ ಹೊತ್ತಿಗೆ ಹುಟ್ಟಿದ ‘ಮುಳುಗಿದವರು’ ಎಂಬ ಬ್ಯಾಂಡಿನ ಹಾಡುಗಾರ. ಅವನ ಅವತಾರವೋ, ಕೇಳಲೇಬೇಡಿ: ನೆಲ ಗುಡಿಸುವ ವೆಲ್ವೆಟ್ ಕೋಟು, ಹೆಂಗಸರ ಮುತ್ತಿನ ಸರ, ಸುಣ್ಣ ಬಳಿದಂಥ ಮುಖ, ಕಣ್ಣ ಸುತ್ತ ಹಸಿರು. ಶ್ರುತಿಯ ವಿಷಯದಲ್ಲಿ ಅಷ್ಟಕ್ಕಷ್ಟೆ. ಆದರೆ ವೇದಿಕೆಯ ನಡುವಿನ ಹಳೆಯ ಕಪಾಟಿನ ಬಾಗಿಲು ತೆರೆದು, ಮೈಯಿಂದ ನೀರು ತೊಟ್ಟಿಕ್ಕಿಸುತ್ತ ಅವನು ಹೊರಬಂದರೆ, ಬಿಯರ್ ಹಿಡಿದು ಗೇಲಿ ಮಾಡಲೆಂದೇ ಬಂದವರ ಬಾಯೂ ಕಟ್ಟಿಹೋಗುತ್ತಿತ್ತು. ಕೊನೆಯ ಹಾಡಿಗೆ ಮತ್ತೆ ಕಪಾಟಿನೊಳಗೆ ನಡೆದುಬಿಡುತ್ತಿದ್ದ. ಜನ ಕೈ ಬೀಸಿ ಕೂಗಿದರೂ ತಿರುಗಿ ನೋಡಿದವನಲ್ಲ. ಜಂಬ ಎಂದು ಪತ್ರಿಕೆಗಳು ಬರೆದವು. ಗ್ವೆಂಡಾಳೂ ಹಾಗೇ ತಿಳಿದಿದ್ದಳು.

ಅವಳು ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಆಟಕ್ಕೆ ಮುಂಚೆ ಅವನ ಕೈ ನಡುಗುತ್ತಿದ್ದುದರಿಂದ ಬಣ್ಣ ಹಚ್ಚುವ ಕೆಲಸವೂ ಅವಳ ತಲೆಗೇ ಬಿತ್ತು. ಹಚ್ಚುವಷ್ಟು ಹೊತ್ತೂ ಅವನು ಬಾಯಿ ಮುಚ್ಚಿಕೊಂಡು ಒಂದೇ ತಗ್ಗಿನ ಸ್ವರ ಗುನುಗುತ್ತಿದ್ದ. ದವಡೆ ಹಿಡಿದ ಅವಳ ಬೆರಳಿಗೆ ಅದು ಸಣ್ಣಗೆ ಅದುರುತ್ತ ತಾಕುತ್ತಿತ್ತು. ಇನ್ನೊಂದು ವಿಚಿತ್ರವಿತ್ತು. ಆಟದ ದಿನ ಅವನು ಮುಖ ತೊಳೆಯುತ್ತಿರಲಿಲ್ಲ. ಬಣ್ಣದಲ್ಲೇ ಮಲಗಿ, ಏನಿದ್ದರೂ ಮಾರನೆಯ ಬೆಳಿಗ್ಗೆ ತೊಳೆಯುತ್ತಿದ್ದ. ತಂಗಿದ ಮನೆಗಳ ಒಡತಿಯರು ದಿಂಬಿನ ಚೀಲ ನೋಡಿ ಅವನ ಜನ್ಮ ಜಾಲಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಅವಳ ಮಣಿಕಟ್ಟು ಹಿಡಿದು ಅವನು ಕೇಳಿದ್ದು ಒಂದೇ. “ಬರೀ ಮುಖದಲ್ಲಿ ಕಳಿಸಬೇಡ ಕಣೇ.” ಗ್ವೆಂಡಾ ಮಾತು ಕೊಟ್ಟಿದ್ದಳು. ಅವನ ಅಕ್ಕ ಐವಿಯ ಮಾತು ಇದಕ್ಕೆ ತದ್ವಿರುದ್ಧ. “ನನ್ನ ತಮ್ಮನ ಮುಖ ನನಗೆ ನೋಡ್ಬೇಕು, ಆ ಕೋಡಂಗೀದಲ್ಲ” ಎಂದು ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದಳು. ಆಕೆಯ ಹಟಕ್ಕೂ ಕಾರಣವಿತ್ತು. ಕ್ಲಿಫರ್ಡ್ ಚಿಕ್ಕವನಿದ್ದಾಗ ಅಪ್ಪನ ಹಡಗು ಐಸ್‌ಲ್ಯಾಂಡ್ ಕಡೆ ಮುಳುಗಿತು. ಹೆಣ ಸಿಗಲಿಲ್ಲ. ಕೊನೆಗೊಮ್ಮೆ ನೋಡಲು ಆ ಮನೆಗೆ ಒಂದು ಮುಖವೂ ದಕ್ಕಲಿಲ್ಲ.

ಹಾಗಾಗಿ ಐವಿ ಬರುವ ಮುಂಚೆ ಮುಗಿಸಬೇಕು. ಮುಗಿಸಿದ ಮೇಲೆ ಬೈದರೆ ಬೈಯಲಿ.

ತಣ್ಣಗಿನ ಚರ್ಮಕ್ಕೆ ಬಣ್ಣ ಹತ್ತಲಿಲ್ಲ. ಅಂಗೈಯಲ್ಲಿ ಬಿಸಿ ಮಾಡಿ ಮಾಡಿ ಹಚ್ಚಿದಳು. ಹಣೆ, ಕೆನ್ನೆ, ಮೂಗಿನ ಪಕ್ಕ. ಎಡಗೈ ತಾನಾಗಿ ದವಡೆ ಹಿಡಿಯಿತು. ಬೆರಳಿಗೆ ಅದೇ ಸಣ್ಣ ಅದುರು ತಾಕಿತು.

ತಾನೇ ಗುನುಗುತ್ತಿದ್ದೇನೆಂದುಕೊಂಡು ಗ್ವೆಂಡಾ ತುಟಿ ಮುಟ್ಟಿ ನೋಡಿಕೊಂಡಳು. ಬಾಯಿ ಮುಚ್ಚಿತ್ತು. ಪಕ್ಕದ ಕೋಣೆಯ ತಂಪು ಯಂತ್ರವಿರಬೇಕು. ಅಷ್ಟರಲ್ಲಿ ಯಂತ್ರ ಟಕ್ಕೆಂದು ನಿಂತಿತು. ಗುನುಗು ನಿಲ್ಲಲಿಲ್ಲ. ಆದರೂ ದವಡೆಯಿಂದ ಕೈ ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ. ಇನ್ನೆಂದೂ ಕೇಳೆನೆಂದುಕೊಂಡಿದ್ದ ಅವನ ಸ್ವರವೇ ಅದು.

ಕಣ್ಣಿಗೆ ಹಸಿರು ತೀಡಿ ಮುಗಿಸುವಾಗ ಬಾಗಿಲು ತೆರೆಯಿತು.

“ಹಚ್ಚೇಬಿಟ್ಯಾ?” ಐವಿ ಬಾಗಿಲಲ್ಲೇ ನಿಂತಳು. “ನಾನು ಬಾಯಿ ಬಿಟ್ಟು ಬೇಡಿಕೊಂಡಿದ್ದೆ ನಿನ್ನ ಹತ್ರ.”

“ಅವನೂ ಬೇಡಿಕೊಂಡಿದ್ದ, ಐವಿ.”

“ಅವನೇನು, ಹುಟ್ಟಾ ನಾಟಕದವನು. ನೀನಾದ್ರೂ ಬುದ್ಧಿ ಇರೋಳು ಅಂದ್ಕೊಂಡಿದ್ದೆ. ತೊಳಿ ಅದನ್ನ.”

ಎಪ್ಪತ್ತು ದಾಟಿದ ಆ ಹೆಂಗಸು ಅಪ್ಪನ ಮುಖವನ್ನೂ ಕೊನೆಗೊಮ್ಮೆ ನೋಡಿದವಳಲ್ಲ. ಸತ್ತವನಿಗೆ ಕೊಟ್ಟ ಮಾತಿಗಿಂತ ಬದುಕಿರುವವಳ ಹಸಿವು ದೊಡ್ಡದೆಂದು ಗ್ವೆಂಡಾಳಿಗೆ ಕಂಡಿತು. ಬೋಗುಣಿಗೆ ನೀರು ಹಿಡಿದು, ಬಟ್ಟೆ ಅದ್ದಿ ಹಿಂಡಿ, ಅವನ ಹಣೆಯ ಹತ್ತಿರ ತಂದಳು.

ಐವಿ ಅವಳ ಕೈ ಹಿಡಿದುಬಿಟ್ಟಳು.

“ಬೇಡ. ಇವತ್ತು ಬೇಡ.”

“ನೀವೇ ತಾನೆ ಹೇಳಿದ್ದು?”

“ಮರೆತೇಬಿಟ್ಟಿದ್ದೆ ಕಣೇ. ಗಂಡಸರು ಹೊರಡೋ ದಿನ ಏನನ್ನೂ ತೊಳೀಬಾರದು. ತೊಳೆದ್ರೆ ಸಮುದ್ರ ಅವರನ್ನ ತೊಳ್ಕೊಂಡು ಹೋಗುತ್ತೆ. ನಮ್ಮ ರಸ್ತೇಲಿ ಮಕ್ಕಳಿಗೂ ಗೊತ್ತು ಅದು.” ಬೋಗುಣಿಯನ್ನು ದೂರ ತಳ್ಳಿದಳು. “ಅಪ್ಪ ಹೊರಟ ದಿನ ಅಮ್ಮ ಒಂದೇ ಒಂದು ಅಂಗಿ ಒಗೆದಳು. ಒಂದೇ ಒಂದು. ಬಕೆಟ್ಟಿಗೆ ನೀರು ಹೊತ್ಕೊಂಡು ಬಂದಿದ್ದು ಇವನು.”

ಗ್ವೆಂಡಾಳ ಕೈಯ ಬಟ್ಟೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕಿತು. ಹಾಳಾದ ಅಷ್ಟೊಂದು ದಿಂಬುಗಳು ಕಣ್ಣ ಮುಂದೆ ಬಂದವು.

“ಆಟದ ದಿನ ಅವನು ಮುಖ ತೊಳೀತಿರಲಿಲ್ಲ” ಎಂದಳು. “ಒಂದು ಸಲಾನೂ.”

ತಮ್ಮನ ಒಂದು ಆಟವನ್ನೂ ನೋಡಿದವಳಲ್ಲ ಐವಿ, ಮರ್ಯಾದೆ ಹೋಗುತ್ತದೆಂದು. ಈಗ ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿದಳು. ನೀರಿನಲ್ಲಿ ಬಹಳ ದಿನ ಇದ್ದಂಥ ಬಿಳಿ ಮುಖ, ಪಾಚಿ ಹತ್ತಿದಂಥ ಕಣ್ಣು. ಬಹಳ ಹೊತ್ತು ನೋಡಿದಳು.

“ಅಪ್ಪ” ಎಂದಳು ಕೊನೆಗೆ. “ಹುಚ್ಚ, ಇಷ್ಟು ವರ್ಷ ಅಪ್ಪನ್ನ ಮನೆಗೆ ಕರ್ಕೊಂಡು ಬರ್ತಿದ್ದನಾ ಇವನು. ಒಂದು ದಿನ ನಾನು ಹೋಗಿ ನೋಡಿದ್ರೆ ನನ್ನ ಗಂಟೇನು ಹೋಗ್ತಿತ್ತು?” ಆಮೇಲೆ ತಲೆ ಎತ್ತಿದಳು. “ಯಾರು ಅದು ಗುನುಗ್ತಿರೋದು? ಅಪ್ಪ ಗಡ್ಡ ಹೆರೆಯೋವಾಗ ಹಾಗೇ ಗುನುಗ್ತಿದ್ದ.”

ಸಗ್ಡನ್ ಬಂದು ಮುಚ್ಚಳ ಹಾಕಿದ ಮೇಲೆ ಕೋಣೆಯಲ್ಲಿ ಆ ಗುನುಗು ಅಡಗಿತು.

ಹೊರಗೆ, ಹಳೆಯ ವೆಲ್ವೆಟ್ ಕೋಟುಗಳಲ್ಲಿ ಹೊಟ್ಟೆ ತುರುಕಿಕೊಂಡ ಅಭಿಮಾನಿಗಳು ಗಾಳಿಗೆ ನಡುಗುತ್ತ ನಿಂತಿದ್ದರು. ಗಾಡಿ ಹೊರಟಿತು. ಗ್ವೆಂಡಾಳ ಕೈ ತಾನಾಗಿ ಮೇಲೆದ್ದಿತು. ಐವಿ ಅದನ್ನು ಹಿಡಿದು ಕೆಳಗೆ ಎಳೆದಳು.

“ಹೊರಡೋರಿಗೆ ಕೈ ಬೀಸಬೇಡ. ಅಲೆ ಬಂದು ಅವರನ್ನ ಕರ್ಕೊಂಡು ಹೋಗುತ್ತೆ. ತಿರುಗಿ ನಿಂತ್ಕೋ.”

ಇಬ್ಬರೂ ಗಾಡಿಗೆ ಬೆನ್ನು ಮಾಡಿ ನಿಂತರು. ಜನ ಕೈ ಬೀಸಿದರೂ ಅವನು ತಿರುಗಿ ನೋಡದೆ ಹೋಗುತ್ತಿದ್ದುದು ಜಂಬವಲ್ಲ, ಹೆದರಿಕೆ ಎಂದು ಗ್ವೆಂಡಾಳಿಗೆ ಆಗ ಅರ್ಥವಾಯಿತು. ಗಾಡಿಯ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಅವಳು ಬಣ್ಣ ಮೆತ್ತಿದ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಇವತ್ತು ಅವನ್ನೂ ತೊಳೆಯುವಂತಿರಲಿಲ್ಲ.