ಎರವಲು ಹೋದ ಹೆಸರು

ಗೃಹಸಾಲದ ಕೌಂಟರಿನ ಹುಡುಗ ಪರದೆ ನೋಡಿ, ಜಂದೀರಾಳ ಕಾಗದಗಳನ್ನು ಎರಡೇ ಬೆರಳಿನಲ್ಲಿ ಹಿಂದಕ್ಕೆ ತಳ್ಳಿದ.

"ನಿಮ್ಮ ಹೆಸರು ಕೊಳೆಯಾಗಿದೆಯಮ್ಮ. ಬೈಕಿನ ಕಂತು ಬಾಕಿ, ದೊಡ್ಡ ಸ್ಪೀಕರಿನ ಕಂತೂ ಬಾಕಿ. ಹೀಗಿದ್ರೆ ಮನೆ ಸಾಲ ಸಿಗಲ್ಲ."

"ನಂಗೆ ಬೈಕ್ ಓಡಿಸೋಕೇ ಬರಲ್ಲಪ್ಪ."

"ಎಲ್ರೂ ಹಾಗೇ ಹೇಳ್ತಾರೆ," ಎಂದವನು ಮುಂದಿನವರನ್ನು ಕರೆದ.

ತೊರಿತಾಮ ಊರಿನ ಹೊಲಿಗೆ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದವಳು ಜಂದೀರಾ. ಅವಳ ಗುರುತಿನ ಸಂಖ್ಯೆ ಅವಳಿಗಿಂತ ತಮ್ಮ ಜೆನಿವಾಲ್ದೊಗೇ ಚೆನ್ನಾಗಿ ಬಾಯಿಪಾಠವಾಗಿತ್ತು. 'ಹೆಸರು ಒಂಚೂರು ಕೊಡಕ್ಕ' ಎನ್ನುವುದು ಅವನಿಗೆ ಪಕ್ಕದ ಮನೆಯಲ್ಲಿ ಸಕ್ಕರೆ ಕೇಳಿದಷ್ಟು ಸಲೀಸು. ಸಕ್ಕರೆ ಒಯ್ದವರಾದರೂ ಒಮ್ಮೊಮ್ಮೆ ಹಿಂದಿರುಗಿಸುತ್ತಾರೆ. ಕೇಳಿದಾಗಲೆಲ್ಲ ಸಹಿ ಹಾಕಿಕೊಟ್ಟ ತನ್ನ ಮೇಲೂ ಜಂದೀರಾಳಿಗೆ ಅಸಹ್ಯವಾಯಿತು.

ಭಾನುವಾರ ತಾಯಿಯ ಮನೆಯಲ್ಲಿ ಸ್ಪೀಕರ್ ಕಿರುಚುತ್ತಿತ್ತು. ಜೆನಿವಾಲ್ದೊ ಕೋಳಿಯ ಕಾಲು ಚೀಪುತ್ತಿದ್ದ. ಜಂದೀರಾ ಸ್ಪೀಕರಿನ ವೈರು ಕಿತ್ತಳು.

"ಕಂತು ಯಾಕೋ ಕಟ್ಟಿಲ್ಲ?"

"ಉಣ್ಣೋ ಹೊತ್ತಲ್ಲಿ ಬ್ಯಾಂಕಿನ ಮಾತ್ಯಾಕೆ? ನನ್ನ ಹೆಸರಿಗೆ ಒಂದು ಫ್ಯಾನೂ ಸಾಲಕ್ಕೆ ಕೊಡಲ್ಲ, ನಿಂಗೊತ್ತು. ಬೈಕಿಲ್ದಿದ್ರೆ ಬಾಡಿಗೆ ಹೇಗೆ ಹೊಡೀಲಿ? ಮಕ್ಕಳ ಹೊಟ್ಟೆ ನೋಡಬೇಕಲ್ಲ."

"ತುಂಬ್ತಿರೋದು ಮಕ್ಕಳ ಹೊಟ್ಟೆನೋ, ಬಿಯರ್ ಅಂಗಡಿಯವನ ಗಲ್ಲಾನೋ?"

ತಾಯಿ ಸೆವೆರಿನಾ ನಡುವೆ ಬಾಯಿ ಹಾಕಿದಳು. "ಒಂಟಿ ಹೆಂಗಸಿಗೆ ಮನೆ ಯಾಕೆ? ಅವನು ಸಂಸಾರಸ್ಥ. ನೀನು ಇಲ್ಲೇ ಬಿದ್ದಿರು."

"ಬಿದ್ದಿದ್ದೀನಿ ಅಂತಲೇ ಎಲ್ರೂ ತುಳ್ಕೊಂಡು ಓಡಾಡ್ತಿರೋದು, ಅಮ್ಮ."

ಜೆನಿವಾಲ್ದೊ ಕೈ ನೆಕ್ಕುತ್ತಾ ಹೆಂಡತಿಯತ್ತ ತಿರುಗಿದ. "ಮರ್ಲೂಸಿ, ನಿನ್ನ ಗುರುತಿನ ಕಾರ್ಡ್ ತಾರೇ. ನಾಳೆ ನಿನ್ನ ಹೆಸರಲ್ಲಿ ಒಂದು ಸಾಲ ಎತ್ತಿ ಇವಳ ಬಾಯಿ ಮುಚ್ಚಿಸ್ತೀನಿ."

ಮರ್ಲೂಸಿ ಎದ್ದು ಒಳಗೆ ಹೋದಳು. ತನ್ನಂತೆಯೇ ತಲೆ ತಗ್ಗಿಸಿ ಎದ್ದ ಅವಳನ್ನು ನೋಡಿದ ಜಂದೀರಾಳಿಗೆ ಇನ್ನು ತಡೆಯಲಾಗಲಿಲ್ಲ. ಮೇಜಿನ ಮೇಲಿದ್ದ ಬೈಕಿನ ಕೀ ಎತ್ತಿಕೊಂಡಳು.

"ಬೈಕ್ ಯಾರ ಹೆಸರಲ್ಲಿದೆ?"

ಅವನು ಹಲ್ಲು ಕಿರಿದ. "ನಿನ್ನ ಹೆಸರಲ್ಲೇ. ಓಡ್ಸೋಕೆ ಬರುತ್ತಾ?"

"ತಳ್ಳೋಕೆ ಬರುತ್ತೆ."

ಅವಳು ನಿಜವಾಗಿಯೂ ತಳ್ಳಿಕೊಂಡು ಬೀದಿಗಿಳಿದಾಗ ಅವನ ನಗು ಬತ್ತಿತು. "ಕಳ್ಳಿ! ಒಡಹುಟ್ಟಿದವನ ಅನ್ನ ಕಿತ್ಕೊಂಡ್ಲು!" ಎಂದು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಅರಚಿದ. ಬರಿಗಾಲಲ್ಲಿ ಬೀದಿಗಿಳಿಯುವಷ್ಟು ಪೌರುಷವೂ ಅವನಲ್ಲಿರಲಿಲ್ಲ.

ಏರಿನಲ್ಲಿ ಬೈಕ್ ಇದ್ದಕ್ಕಿದ್ದಂತೆ ಹಗುರವಾಯಿತು. ತಿರುಗಿ ನೋಡಿದರೆ ಮರ್ಲೂಸಿ ಹಿಂದಿನಿಂದ ತಳ್ಳುತ್ತಿದ್ದಳು.

"ಕಾರ್ಡ್ ಕೊಟ್ಯಾ ಅವನಿಗೆ?"

"ಇಲ್ಲಕ್ಕ. ರವಿಕೆಯೊಳಗಿದೆ."

ಬೈಕ್ ಅಂಗಡಿಗೆ ವಾಪಸಾಯಿತು. ಉಳಿದ ಬಾಕಿಯನ್ನು ಜಂದೀರಾ ಒಂದೂವರೆ ವರ್ಷ ಹೆಚ್ಚುವರಿ ಹೊಲಿಗೆ ಹೊಲಿದು ತೀರಿಸಿದಳು. ಅಷ್ಟು ದಿನವೂ ತಾಯಿ ಅವಳೊಡನೆ ಮಾತಾಡಲಿಲ್ಲ. ಆಮೇಲೆ ಅವಳು ಅದೇ ಕೌಂಟರಿನ ಮುಂದೆ ಕುಳಿತಾಗ, ಅದೇ ಹುಡುಗ ಎದ್ದು ನಿಂತು ಕಾಫಿ ತಂದಿಟ್ಟ. ಅವಳು ಆ ಲೋಟವನ್ನು ಎರಡೇ ಬೆರಳಿನಲ್ಲಿ ಪಕ್ಕಕ್ಕೆ ಸರಿಸಿದಳು.

"ಮನೆ ಪತ್ರದಲ್ಲಿ ಜೊತೆಗೆ ಬೇರೆ ಯಾರ ಹೆಸರಾದ್ರೂ ಸೇರಿಸ್ಬೇಕಾ, ಮೇಡಂ?"

"ಬೇಡ," ಎಂದು ಜಂದೀರಾ ಪೆನ್ನು ತೆಗೆದುಕೊಂಡಳು. ತನ್ನದೊಂದು ವಸ್ತುವಿಗೆ ಅವಳು ಹಾಕುತ್ತಿದ್ದ ಮೊದಲ ಸಹಿ ಅದು. ಒಂದೊಂದೇ ಅಕ್ಷರ, ನಿಧಾನವಾಗಿ ಬರೆದಳು.