ನಬೋಯ ಎಂಬ ತೋಳಬಂದಿ

ತೆಂಗಿನ ಮರದಿಂದ ಬಿದ್ದ ಗುಮಕೇವ ಮೂರು ದಿನ ಕಣ್ಣು ತೆರೆಯಲಿಲ್ಲ. ತೆರೆದಾಗ ಎಲ್ಲವೂ ನೆನಪಿತ್ತು: ಹೆಂಡತಿ ಇಸುಪೆನಳ ಹೆಸರು, ಕಿಟಾವಾ ದ್ವೀಪದ ಕಾಲುದಾರಿಗಳು, ತೋಟದಲ್ಲಿ ಅಗೆಯದೆ ಬಿಟ್ಟ ಗೆಣಸಿನ ಸಾಲು. ಆರೋಗ್ಯ ಕೇಂದ್ರದ ನರ್ಸಮ್ಮ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, "ತಲೆಯೊಳಗೆ ಎಲ್ಲೋ ಒಂಚೂರು ರಕ್ತ ಇಳಿದಿರಬೇಕು. ಏನಾದ್ರೂ ವ್ಯತ್ಯಾಸ ಕಂಡ್ರೆ ಹೇಳಿ" ಅಂದಳು. ಅವನಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಕಂಡದ್ದು, ಗಾಳಿ ತಿರುಗಿ, ಅವನೂ ಇದ್ದ ಕಿಟಾವಾದ ದೋಣಿಗಳು ಈವಾ ದ್ವೀಪ ತಲುಪಿದ ಮೇಲೆ.

ಈವಾದಲ್ಲಿ ಅವನೊಡನೆ ಚಿಪ್ಪಿನೊಡವೆ ಕೊಟ್ಟು ಕೊಳ್ಳುವ ಹಳೆಯ ಜೊತೆಗಾರ ತೊಕವತ ಇದ್ದ. ಕೈಯಿಂದ ಕೈಗೆ, ದ್ವೀಪದಿಂದ ದ್ವೀಪಕ್ಕೆ ಸುತ್ತುತ್ತ ಯಾರ ಬಳಿಯೂ ನೆಲೆ ನಿಲ್ಲದ ಚಿಪ್ಪಿನ ತೋಳಬಂದಿಗಳಲ್ಲಿ ನಬೋಯ ಎಂಬುದು ಆಗ ಅವನ ಬಳಿಯಿತ್ತು. ಹನ್ನೊಂದು ವರ್ಷದ ಹಿಂದೆ ಬೇರೊಬ್ಬರ ಮನೆಯಲ್ಲಿ ಗುಮಕೇವ ಅದನ್ನು ಒಮ್ಮೆ ಮುಟ್ಟಿದ್ದ. ಬಾಯಿ ಒಣಗಿ, ಬೆರಳ ತುದಿ ಬಿಸಿಯಾಗಿ, ಎದೆ ದಬದಬ ಹೊಡೆದುಕೊಂಡಿತ್ತು. ಅಂದಿನಿಂದ ಅದರ ಬೆನ್ನು ಹತ್ತಿದ್ದ. ಅದಕ್ಕಾಗಿಯೇ ತೊಕವತನಿಗೆ ಕೆಂಪು ಚಿಪ್ಪಿನ ಹಾರಗಳನ್ನು ಕೊಟ್ಟು ಓಲೈಸಿದ್ದ.

ತೊಕವತ ತೋಳಬಂದಿಯನ್ನು ಚಾಪೆಯ ಮೇಲಿಟ್ಟ. "ತಗೋ ಭಾವ, ಇನ್ನು ನಿಂದೇ."

ಗುಮಕೇವ ನೋಡಿದ. ಹಳದಿಗಟ್ಟಿದ ಚಿಪ್ಪು, ಅಂಚಿನಲ್ಲಿ ಒಂದು ಮುಕ್ಕು, ಜೋತಾಡುವ ಮಣಿಗಳು. ಬಾಗಿಲು ತಟ್ಟಿ ನಿಂತವನಂತೆ ಕಾದ. ಎದೆಯೊಳಗೆ ಯಾರೂ ಏಳಲಿಲ್ಲ.

ಅವನ ಮುಖವನ್ನೇ ದಿಟ್ಟಿಸುತ್ತಿದ್ದ ತೊಕವತನಿಗೆ ಬೆವರೊಡೆಯಿತು. "ಸಾಕಾಗ್ಲಿಲ್ವೇನಯ್ಯಾ? ನಿಮ್ಮ ಕಿಟಾವಾದವರದ್ದು ಕಲ್ಲಿನ ಮುಖ ಕಣ್ರೋ!" ಎಂದು ಗೊಣಗಿ, ಕೊಟ್ಟಿಗೆಯಿಂದ ಹಂದಿಯೊಂದನ್ನೂ ಹಿಡಿಸಿ ತಂದ.

ಮರಳುವಾಗ ದೋಣಿಯವರಿಗೆಲ್ಲ ನಗುವೋ ನಗು. "ಏನ್ ನಾಟಕ ಮಾವ! ರೆಪ್ಪೆ ಕೂಡ ಹೊಡೀಲಿಲ್ಲ ನೀವು!"

ಗುಮಕೇವ ನಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಾಯಿಯ ನೆರಳಲ್ಲಿ ತೂಕಡಿಕೆ ಹತ್ತಿತು. ಕನಸಿನಲ್ಲಿ ಕಡಲು ಹಾಲಿನಂತೆ ಬೆಳ್ಳಗಾಗಿ, ಅದರೊಳಗಿಂದ ನಬೋಯ ಮೆಲ್ಲನೆ ಮೇಲೆದ್ದು ಬಂತು. ಎದೆ ಹಾರಿತು, ಅವನು ನೀರಿನ ಮೇಲೆ ನಡೆಯುತ್ತಲೇ ಹೋದ. ಎಚ್ಚರವಾದಾಗ ಕೆನ್ನೆ ಒದ್ದೆ. ನಬೋಯ ಮಡಿಲಲ್ಲೇ ಇತ್ತು, ಒಂದು ಚಿಪ್ಪು.

ನಬೋಯ ನೋಡಲು ಮನೆಗೆ ಜನ ಸಾಲುಗಟ್ಟಿ ಬಂದರು. ಅದನ್ನು ನೋಡಿದೊಡನೆ ಅವರ ಕಣ್ಣು ಅರಳುವುದನ್ನು, ಮಾತು ತಗ್ಗುವುದನ್ನು ಅವನು ಊಟದ ಮನೆಯ ಹೊರಗೆ ನಿಂತ ಹಸಿದವನಂತೆ ನೋಡುತ್ತ ಕುಳಿತ. ಕೊನೆಗೆ ಹೆಂಡತಿಗೆ ಹೇಳಿದ: "ಇಸು, ನಂಗಿದು ಬರೀ ಚಿಪ್ಪಾಗಿ ಕಾಣ್ತಿದೆ."

ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ ಅವಳ ಕೈ ನಿಂತಿತು. "ಮತ್ತೆ ನನ್ನ ನೋಡಿದ್ರೆ?"

ಅವನು ಬಹಳ ಹೊತ್ತು ನೋಡಿದ. "ನೀನು ನೀನೇ."

"ಸದ್ಯ, ಅಷ್ಟಾದ್ರೂ ಉಳೀತಲ್ಲ!" ಎಂದಳು. ನಕ್ಕಳು, ಕಣ್ಣೊರೆಸಿಕೊಂಡಳು. "ಅದನ್ನ ಸುಮ್ನೆ ನೇತು ಹಾಕ್ಕೋಬೇಡಿ. ಬೇಕು ಅಂತ ಜೀವ ಬಿಡೋರಿಗೆ ಕೊಟ್ಬಿಡಿ."

ಮುಂದಿನ ಸಲ ವಕುಟಾ ದ್ವೀಪದ ದೋಣಿಗಳು ಬಂದಾಗ ಆ ಕಡೆಯ ಜೊತೆಗಾರ ಮ್ವಾಲಸಿಯೂ ಬಂದ. ಮುದುಕನಿಗೆ ಕಣ್ಣು ಮಂಜಾಗಿತ್ತು. ಗುಮಕೇವ ತೋಳಬಂದಿಯನ್ನು ಅವನ ಕೈಗಿಟ್ಟ. ಮುದುಕನ ಬೆರಳುಗಳು ಅಂಚಿನ ಆ ಮುಕ್ಕನ್ನು ಹುಡುಕಿ ನಿಂತವು.

"ನಬೋಯ!" ಮುದುಕನ ದನಿ ಒಡೆಯಿತು. "ಇಷ್ಟು ಬೇಗ ಕೈ ಬಿಡ್ತಿದ್ದೀಯಲ್ಲೋ, ಮನಸ್ಸು ಹೇಗ್ ಬಂತು?"

"ಬಿದ್ದಾಗಿಂದ ನಂಗೆ ಇದನ್ನ ನೋಡಿದ್ರೆ ಏನೂ ಅನ್ನಿಸ್ತಿಲ್ಲ, ಅಣ್ಣ."

ಮ್ವಾಲಸಿ ಗೇಲಿ ಮಾಡಲಿಲ್ಲ. ಗುಮಕೇವನ ಅಂಗೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡ. ಒಣಗಿದ ಪಕ್ಕೆಲುಬುಗಳ ಕೆಳಗೆ ಗುಂಡಿಗೆ ದಬದಬ ಹೊಡೆದುಕೊಳ್ಳುತ್ತಿತ್ತು.

"ಹೌದು, ಆಗ ನಂಗೂ ಹೀಗೇ ಇತ್ತು," ಎಂದ ಗುಮಕೇವ. "ಇನ್ನೇನೇನು ಆಗ್ತಿದೆ? ಹೇಳಣ್ಣ."

ಮುದುಕ ಹೇಳತೊಡಗಿದ. ದಡದಿಂದ ಅವನ ಮಂದಿ ಎರಡು ಸಲ ಕೂಗಿದರು. ಗುಮಕೇವ ಕೈ ತೆಗೆಯಲಿಲ್ಲ.